ಮೆತ್ತನೆ ಜೇಡಿಮಣ್ಣು: ಸ್ಯಾಂಪಲ್ ಕೆಡದಂತೆ ತೆಗೆಯುವ ಸೂತ್ರಗಳು

ಕೊಚ್ಚಿಯ ಕಡಲಜೇಡಿಯಂಥ ಮಣ್ಣಿನಲ್ಲಿ ಲ್ಯಾಬ್ ವರದಿಯ ಹಣೆಬರಹ ಬೋರ್‌ಹೋಲ್‌ನಲ್ಲೇ ಬರೆದಿರುತ್ತದೆ. ಅಲ್ಲಿ ಕೆಟ್ಟ ಸ್ಯಾಂಪಲನ್ನು ಎಂಥ ಯಂತ್ರವೂ ಸರಿಮಾಡಲಾರದು.

1. ಯಾವ ಪರೀಕ್ಷೆಗೆ ಎಂದು ಮೊದಲೇ ತೀರ್ಮಾನಿಸಿ. ಎಸ್‌ಪಿಟಿ (ಸ್ಟ್ಯಾಂಡರ್ಡ್ ಪೆನೆಟ್ರೇಶನ್ ಟೆಸ್ಟ್) ಪರೀಕ್ಷೆಯ ದಪ್ಪಗೋಡೆಯ ಸ್ಪೂನಿನಲ್ಲಿ ಬಂದ ಮಣ್ಣು ಕಣಗಾತ್ರ, ದ್ರವಮಿತಿ ನೋಡಲು ಸಾಕು. ಬಲ ಮತ್ತು ಕುಸಿತದ ಲೆಕ್ಕಕ್ಕೆ ಅದು ಬೇಡವೇ ಬೇಡ.

2. ಟ್ಯೂಬಿನ ದಪ್ಪ ಅಳೆಯಿರಿ. ಹೊರವ್ಯಾಸದ ವರ್ಗದಲ್ಲಿ ಒಳವ್ಯಾಸದ ವರ್ಗ ಕಳೆದು, ಉಳಿದದ್ದನ್ನು ಒಳವ್ಯಾಸದ ವರ್ಗದಿಂದ ಭಾಗಿಸಿ. ಮೆತ್ತನೆ ಜೇಡಿಗೆ ಇದು ಶೇ. 10ರ ಆಸುಪಾಸು ದಾಟಬಾರದು. ತೆಳುಗೋಡೆಯ 76 ಮಿ.ಮೀ. ಶೆಲ್ಬಿ ಟ್ಯೂಬಿನಲ್ಲಿ ಸುಮಾರು ಶೇ. 9 ಬರುತ್ತದೆ, ಎಸ್‌ಪಿಟಿ ಸ್ಪೂನಿನಲ್ಲಿ ಶೇ. 110! ಗೋಡೆ ದಪ್ಪವಾದಷ್ಟೂ ಮಣ್ಣು ಹಿಂಡಿ, ಕಣಗಳ ಹೆಣಿಗೆ ಹರಿಯುತ್ತದೆ. ತುದಿ ಹರಿತವಿರಲಿ. ಬಾಗಿದ, ತುಕ್ಕು ಹಿಡಿದ ಟ್ಯೂಬನ್ನು ಸೈಟಿನಿಂದಲೇ ವಾಪಸ್ ಕಳಿಸಿ.

3. ಬೋರ್‌ಹೋಲ್‌ನಲ್ಲಿ ಡ್ರಿಲ್ಲಿಂಗ್ ಕೆಸರು ತುಂಬಿರಲಿ. ಬರಿದಾದರೆ ಮೇಲಿನ ಭಾರ ತಪ್ಪಿ ತಳದ ಮಣ್ಣು ಉಬ್ಬುತ್ತದೆ. ಟ್ಯೂಬ್ ಇಳಿಯುವ ಮೊದಲೇ ಸ್ಯಾಂಪಲ್ ಕೆಟ್ಟಂತೆ.

4. ಬಡಿಯಬೇಡಿ, ಒಂದೇ ಹದದಲ್ಲಿ ಒತ್ತಿ. ಕೈಗೆಟುಕಿದರೆ ಸ್ಥಿರ ಪಿಸ್ಟನ್ ಸ್ಯಾಂಪ್ಲರ್ ಬಳಸಿ. ಒತ್ತಿದ ಮೇಲೆ ಕೆಲವು ನಿಮಿಷ ಬಿಟ್ಟು, ನಿಧಾನವಾಗಿ ತಿರುಗಿಸಿ ಎತ್ತಿ.

5. ಎರಡೂ ತುದಿಗೆ ಮೇಣ ಹಾಕಿ, ನೆಟ್ಟಗೆ ನಿಲ್ಲಿಸಿ, ಕುಲುಕದಂತೆ ಸಾಗಿಸಿ.

6. ಲ್ಯಾಬಿನಲ್ಲಿ ಮಣ್ಣು ಟ್ಯೂಬಿಗೆ ಹೊಕ್ಕ ದಿಕ್ಕಿನಲ್ಲೇ ಹೊರದೂಡಿ. ತುದಿಗಳ ಮಣ್ಣನ್ನು ಬಲದ ಪರೀಕ್ಷೆಗೆ ಕೊಡಬೇಡಿ.

7. ಗುಣಮಟ್ಟವನ್ನೂ ಅಳೆಯಿರಿ. ನೆಲದೊಳಗಿದ್ದ ಒತ್ತಡಕ್ಕೆ ಸ್ಯಾಂಪಲನ್ನು ಮರಳಿಸಿದಾಗ ರಂಧ್ರಾನುಪಾತ (ಕಣಗಳ ನಡುವಿನ ಖಾಲಿ ಜಾಗಕ್ಕೂ ಕಣಗಳ ಗಾತ್ರಕ್ಕೂ ಇರುವ ಅನುಪಾತ) ಎಷ್ಟು ಇಳಿಯಿತು ನೋಡಿ. ಹಿಂದೆ ಹೆಚ್ಚಿನ ಭಾರಕ್ಕೆ ಸಿಕ್ಕು ಗಟ್ಟಿಯಾಗಿರದ ಜೇಡಿಯಲ್ಲಿ, ಈ ಇಳಿತ ಮೂಲ ಅನುಪಾತದ 0.04 ಪಾಲಿಗಿಂತ ಕಡಿಮೆಯಿದ್ದರೆ ಉತ್ತಮ, 0.07 ದಾಟಿದರೆ ಕಳಪೆ. ಈ ಅಂಕಿಯಿಲ್ಲದ ವರದಿಗೆ ನಾನಂತೂ ಬೆಲೆ ಕೊಡುವುದಿಲ್ಲ.

8. ಕೆಟ್ಟ ಸ್ಯಾಂಪಲ್ ಕಡಿಮೆ ಬಲ ತೋರಿಸುತ್ತದೆ, ಅದರಿಂದ ಅಪಾಯವಿಲ್ಲ ಎಂಬ ನಂಬಿಕೆ ಬಿಡಿ. ಮತ್ತೆ ಒತ್ತಡಕ್ಕೆ ಒಳಪಡಿಸಿದಾಗ ನೀರು ಹೊರಹೋಗಿ ಅದು ಒತ್ತಾಗುತ್ತದೆ. ಆಗ ನೆಲದಲ್ಲಿಲ್ಲದ ಬಲವನ್ನೂ ತೋರಿಸಬಹುದು. ಆದ್ದರಿಂದ ಪಕ್ಕದಲ್ಲೇ, ನೆಲದೊಳಗೇ ಅಲಗು ತಿರುಗಿಸಿ ಬಲ ಅಳೆಯುವ ವೇನ್ ಪರೀಕ್ಷೆ ಮಾಡಿಸಿ, ಎರಡನ್ನೂ ಹೋಲಿಸಿ. ಬಹಳ ಮುಖ್ಯ ಕಾಮಗಾರಿಯಾದರೆ ಕೆನಡಾದ ಶೆರ್ಬ್ರೂಕ್‌ನಲ್ಲಿ ರೂಪುಗೊಂಡ, 250 ಮಿ.ಮೀ. ವ್ಯಾಸದ ಬ್ಲಾಕ್ ಕೆತ್ತಿ ತೆಗೆಯುವ ಸ್ಯಾಂಪ್ಲರ್ ಕೇಳಿ. ಖರ್ಚು ಹೆಚ್ಚು, ಆದರೆ ಟ್ಯೂಬಿನ ಹಿಂಡುವಿಕೆ ಅದರಲ್ಲಿಲ್ಲ.