ಗಣಕಜಾಲದಲ್ಲಿ ಸಂದಣಿ: ಒಂದು ವಿಚಾರ

ಕಳೆದ ವರ್ಷ ವಿದ್ಯಾರ್ಥಿವೇತನದ ಅರ್ಜಿ ಸಲ್ಲಿಸುವ ಕೊನೆಯ ದಿನ ನಾವು ಏಳೆಂಟು ಮಂದಿ ಗೆಳೆಯರು ಒಂದು ಅಂಗಡಿಯ ಗಣಕಯಂತ್ರಗಳ ಮುಂದೆ ಮಧ್ಯಾಹ್ನದಿಂದಲೂ ಕುಳಿತಿದ್ದೆವು. ಅರ್ಜಿಯ ಪುಟ ತೆರೆಯಲೊಲ್ಲದು. ತೆರೆಯದಷ್ಟೂ ಗುಂಡಿಯನ್ನು ಮತ್ತೆ ಮತ್ತೆ ಒತ್ತಿದೆವು. ನನ್ನ ಅರ್ಜಿ ರಾತ್ರಿ ಹನ್ನೊಂದಕ್ಕೆ ಹೋಯಿತು. ಕೊನೆಯ ಬಸ್ಸಿಗೆ ಎದ್ದುಹೋದ ಗೆಳೆಯನ ಅರ್ಜಿ ಹೋಗಲೇ ಇಲ್ಲ. ಆ ವರ್ಷದ ಶುಲ್ಕಕ್ಕೆ ಅವನ ತಾಯಿ ಸಾಲ ಮಾಡಬೇಕಾಯಿತು.

ಒತ್ತಿ ಒತ್ತಿ ತೊಡಕನ್ನು ನಾವೇ ಹೆಚ್ಚಿಸಿದೆವೇ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಧ್ಯಾಪಕರೊಬ್ಬರನ್ನು ಕೇಳಿದೆ. "ಅಲ್ಲಿ ಸೋತದ್ದು ಬಹುಶಃ ಅರ್ಜಿ ಸ್ವೀಕರಿಸುವ ಯಂತ್ರ, ದಾರಿಯಲ್ಲ. ಆದರೆ ದಾರಿಯ ವಿಷಯದಲ್ಲಿ ಇದೇ ಪ್ರಶ್ನೆಯನ್ನು ಸಂಶೋಧಕರು ಎಂದೋ ಬಿಡಿಸಿದ್ದಾರೆ, ಓದಿ ನೋಡು" ಎಂದರು. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ಓದಿ ತಿಳಿದುದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಗಣಕಜಾಲದಲ್ಲಿ ಸಂದೇಶವು ಇಡಿಯಾಗಿ ಹೋಗುವುದಿಲ್ಲ. ಅದನ್ನು ಚಿಕ್ಕ ಪೊಟ್ಟಣಗಳಾಗಿ ಒಡೆದು ಕಳುಹಿಸುತ್ತಾರೆ. ದಾರಿಯ ಕವಲುಗಳಲ್ಲಿರುವ ರೌಟರುಗಳು ಒಂದೊಂದು ಪೊಟ್ಟಣವನ್ನೂ ಮುಂದಕ್ಕೆ ದಾಟಿಸುತ್ತವೆ. ಬರುವ ಪೊಟ್ಟಣಗಳು ಹೆಚ್ಚಾದರೆ ಅವು ಸರದಿಯಲ್ಲಿ ಕಾಯಬೇಕು; ಸರದಿಯೂ ತುಂಬಿದರೆ ಹೊಸದಾಗಿ ಬಂದದ್ದನ್ನು ರೌಟರು ಬಿಟ್ಟುಬಿಡುತ್ತದೆ. ಪೊಟ್ಟಣ ತಲಪಿತೆಂಬ ಉತ್ತರ ಬಾರದಿದ್ದರೆ ಕಳುಹಿಸಿದ ಗಣಕವು ಅದನ್ನು ಪುನಃ ಕಳುಹಿಸುತ್ತದೆ. ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ 1974ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಬೆಳೆದ ಟಿಸಿಪಿ ಎಂಬ ಕಟ್ಟಳೆಯ ತಿರುಳು ಇದೇ.

ಈ ಏರ್ಪಾಡಿನಲ್ಲಿ ಒಂದು ಅಪಾಯ ಅಡಗಿತ್ತು. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿಯ ವಿಶ್ವವಿದ್ಯಾನಿಲಯಕ್ಕೂ ನಡುವಣ ಸಂಪರ್ಕ ಕುಸಿಯಿತು. ಎರಡಕ್ಕೂ ಅಂತರ ಕೇವಲ 400 ಗಜ. ಸೆಕೆಂಡಿಗೆ 32,000 ಬಿಟ್‌ಗಳಿದ್ದ ವೇಗ 40 ಬಿಟ್‌ಗಳಿಗೆ ಇಳಿಯಿತು. ಎಂದರೆ ಎಂಟುನೂರರಲ್ಲಿ ಒಂದು ಪಾಲು! ತಂತಿ ತುಂಡಾಗಿರಲಿಲ್ಲ. ಗಣಕಗಳು ಒಮ್ಮೆಲೇ ಬಹಳ ಪೊಟ್ಟಣಗಳನ್ನು ಸುರಿಯುತ್ತಿದ್ದವು. ತಡವಾದುದನ್ನೇ ಕಳೆದುಹೋಯಿತೆಂದು ಬಗೆದು ಪುನಃ ಕಳುಹಿಸುತ್ತಿದ್ದವು. ದಾರಿಯ ತುಂಬ ಪ್ರತಿಗಳ ಮೇಲೆ ಪ್ರತಿಗಳು. ನಮ್ಮ ಅಂಗಡಿಯ ಸಂಜೆಗೂ ಇದಕ್ಕೂ ಎಷ್ಟೊಂದು ಹೋಲಿಕೆ!

ಆ ಪ್ರಯೋಗಾಲಯದ ವಾನ್ ಜೇಕಬ್ಸನ್, ಮೈಕೆಲ್ ಕ್ಯಾರೆಲ್ಸರ ಜತೆಗೂಡಿ ಇದಕ್ಕೆ ಪರಿಹಾರ ಹುಡುಕಿ 1988ರಲ್ಲಿ ಪ್ರಬಂಧ ಮಂಡಿಸಿದರು. ಅವರ ನಿಯಮ ಸರಳ. ಮೊದಲು ಸ್ವಲ್ಪವೇ ಕಳುಹಿಸಿ ದಾರಿಯನ್ನು ಪರೀಕ್ಷಿಸಬೇಕು. ಉತ್ತರ ಸರಿಯಾಗಿ ಬರುತ್ತಿದ್ದರೆ ಏರಿಸುತ್ತ ಹೋಗಬೇಕು. ಮಿತಿ ಸಮೀಪಿಸಿದಾಗ ಸುತ್ತಿಗೆ ಒಂದೊಂದೇ ಪೊಟ್ಟಣದಂತೆ ಏರಿಸಬೇಕು. ಪೊಟ್ಟಣ ಕಳೆದರೆ ದಾರಿ ತುಂಬಿದೆಯೆಂದು ತಿಳಿದು ಹಿಂದೆಗೆಯಬೇಕು.

ಏರುವುದು ಕೂಡಿಕೆಯಿಂದ, ಇಳಿಯುವುದು ಅರ್ಧದಿಂದ. ಹೀಗೇಕೆ? ಡಾ-ಮಿಂಗ್ ಚಿಯು ಮತ್ತು ರಾಜ್ ಜೈನ್ 1989ರಲ್ಲಿ ಇಂಥ ಕ್ರಮದ ಗುಣವನ್ನು ಗಣಿತದಿಂದ ತೋರಿಸಿದರು. ಜೈನರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದವರೆಂಬುದು ನಮಗೆ ಅಭಿಮಾನದ ಸಂಗತಿ. ಒಂದು ಲೆಕ್ಕ ಮಾಡೋಣ. ದಾರಿಯ ಶಕ್ತಿ 100. ಒಬ್ಬನು 80, ಇನ್ನೊಬ್ಬನು 20 ಬಳಸುತ್ತಿದ್ದಾರೆ; ವ್ಯತ್ಯಾಸ 60. ಸಂದಣಿಯಾಗಿ ಇಬ್ಬರೂ ಅರ್ಧಕ್ಕಿಳಿದರೆ 40 ಮತ್ತು 10. ಇಬ್ಬರೂ 25ರಷ್ಟು ಏರಿದರೆ 65 ಮತ್ತು 35, ವ್ಯತ್ಯಾಸ 30. ಇನ್ನೊಂದು ಸುತ್ತಿಗೆ 57.5 ಮತ್ತು 42.5, ವ್ಯತ್ಯಾಸ 15. ಹೀಗೆ ಸುತ್ತುಸುತ್ತಿಗೂ ಇಬ್ಬರೂ ಸಮಪಾಲಿನತ್ತ ಸರಿಯುತ್ತಾರೆ. ಅರ್ಧಕ್ಕಿಳಿಸುವ ಬದಲು ಇಬ್ಬರಿಂದಲೂ ಹತ್ತು ಹತ್ತು ಕಳೆದಿದ್ದರೆ 60ರ ವ್ಯತ್ಯಾಸ ಎಂದಿಗೂ ಅಳಿಯುತ್ತಿರಲಿಲ್ಲ. ಹೆಚ್ಚು ಉಳ್ಳವನು ಹೆಚ್ಚು ಬಿಡಬೇಕೆಂಬ ತತ್ತ್ವವನ್ನು ತೆರಿಗೆಯ ಪಾಠದಲ್ಲಿ ಓದಿದ್ದ ನನಗೆ ಅದನ್ನು ಇಲ್ಲಿಯೂ ಕಂಡು ಸೋಜಿಗವಾಯಿತು.

ಗಮನಿಸಬೇಕಾದ ಮಾತೆಂದರೆ, ಇಲ್ಲಿ ಪಾಲು ಹಂಚುವ ಅಧಿಕಾರಿಯಿಲ್ಲ. ಪ್ರತಿ ಗಣಕವೂ ತಾನಾಗಿಯೇ ಹಿಂದೆಗೆಯಬೇಕು. ಹಿಂದೆಗೆಯದ ಕ್ರಮವಿಧಿಯು ಸಾಧುಗಳ ಪಾಲನ್ನೂ ನುಂಗಬಹುದು. ಆದ್ದರಿಂದ ವಿವಾದ ಮುಗಿದಿಲ್ಲ. ಪೊಟ್ಟಣ ಕಳೆಯುವುದನ್ನೇ ಮುಖ್ಯ ಸೂಚನೆಯೆಂದು ಎಣಿಸದೆ ದಾರಿಯ ವೇಗವನ್ನೂ ವಿಳಂಬವನ್ನೂ ಅಳೆಯುವ ಬಿಬಿಆರ್ ಎಂಬ ಹೊಸ ಕ್ರಮವನ್ನು ಗೂಗಲ್ ಸಂಸ್ಥೆಯವರು 2016ರಲ್ಲಿ ಪ್ರಕಟಿಸಿದರು. ಅದರ ಕರ್ತೃಗಳಲ್ಲಿ ಜೇಕಬ್ಸನರೂ ಒಬ್ಬರು. ಅದು ಹಳೆಯ ಕ್ರಮದ ಜತೆಯಲ್ಲಿ ನ್ಯಾಯವಾಗಿ ಪಾಲು ಹಂಚಿಕೊಳ್ಳುವುದೇ ಎಂಬುದು ಅನೇಕ ಸಂಶೋಧನೆಗಳ ವಿಷಯವಾಯಿತು.

ನನ್ನ ಪ್ರಶ್ನೆಗೆ ಈಗ ಉತ್ತರ ಸಿಕ್ಕಿದೆ. ಹೌದು, ಒತ್ತಿ ಒತ್ತಿ ನಾವು ತೊಡಕನ್ನು ಹೆಚ್ಚಿಸಿರಬೇಕು. ಆದರೆ ಜೇಕಬ್ಸನರು ಬಳಕೆದಾರರಿಗೆ ತಾಳ್ಮೆಯ ಉಪದೇಶ ಮಾಡಲಿಲ್ಲ. ತಾಳ್ಮೆಯನ್ನು ಯಂತ್ರದ ನಿಯಮದಲ್ಲಿಯೇ ಇಟ್ಟರು. ಕೊನೆಯ ಬಸ್ಸಿರುವವನಿಗೂ ಊರಲ್ಲೇ ಮನೆಯಿರುವವನಿಗೂ ಸಮಪಾಲು ದೊರಕಬೇಕಾದರೆ ಅರ್ಜಿಯ ಏರ್ಪಾಡಿಗೂ ಅಂಥದೊಂದು ನಿಯಮ ಬೇಕು. ಅದು ಬರುವ ತನಕ ಕಾಯಲಾಗದೆ, ಈ ವರ್ಷ ಗೆಳೆಯನೂ ನಾನೂ ಮೊದಲ ವಾರದಲ್ಲೇ ಹೋಗಿ ಅರ್ಜಿ ಸಲ್ಲಿಸಿ ಬಂದೆವು.