ಕೆಂಪೇರಿದ ಆಕಾಶ ಮತ್ತು ವಿಚಾರಿಸದ ಸುದ್ದಿ

ಇಂದು ರಾತ್ರಿ ಹನ್ನೆರಡೂವರೆಯಿಂದ ಮೂರೂವರೆಯ ತನಕ ಆಕಾಶದಿಂದ ಅಪಾಯಕಾರಿ ಕಿರಣಗಳು ಬೀಳಲಿವೆ, ಮೊಬೈಲ್ ಆಫ್ ಮಾಡಿ ದೂರವಿಡಿ ಎಂಬ ಸಂದೇಶ ನಿಮಗೂ ಬಂದಿರಬಹುದು. ವರ್ಷಗಳಿಂದ ಸುತ್ತುತ್ತಿರುವ ಈ ಸುದ್ದಿ ಸುಳ್ಳು. ಆದರೆ ಸೂರ್ಯನಿಂದ ಬಿರುಗಾಳಿ ಏಳುವುದು ನಿಜ. ಸುಳ್ಳನ್ನೂ ನಿಜವನ್ನೂ ಬೇರ್ಪಡಿಸಬೇಕಾದರೆ ವಿಷಯವನ್ನು ಅರಿಯಬೇಕು.

ಸೂರ್ಯನ ಮೇಲಿನ ಕಪ್ಪು ಕಲೆಗಳಲ್ಲಿ ಕಾಂತಶಕ್ತಿ ಬಲವಾಗಿರುತ್ತದೆ. ಅಲ್ಲಿನ ಕಾಂತರೇಖೆಗಳು ಹಗ್ಗದಂತೆ ತಿರುಚಿ ಕಡಿದಾಗ, ನೂರಾರು ಕೋಟಿ ಟನ್ ವಿದ್ಯುದಾವಿಷ್ಟ ಅನಿಲ ಹೊರಕ್ಕೆ ಚಿಮ್ಮುತ್ತದೆ. ಸೂರ್ಯನ ಬೆಳಕು ನಮ್ಮನ್ನು ತಲುಪಲು ಎಂಟು ನಿಮಿಷ ಸಾಕು. ಈ ಮೋಡಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಅದರ ಕಾಂತದಿಕ್ಕು ಭೂಮಿಯ ಕಾಂತದಿಕ್ಕಿಗೆ ವಿರುದ್ಧವಾಗಿದ್ದರೆ ಎರಡೂ ಬೆಸೆದು ಶಕ್ತಿ ಒಳನುಗ್ಗುತ್ತದೆ. ಇದೇ ಕಾಂತ ಬಿರುಗಾಳಿ. ಆಗ ಕಣಗಳು ಧ್ರುವಗಳ ಕಡೆಗೆ ಧಾವಿಸಿ ಗಾಳಿಯ ಆಮ್ಲಜನಕಕ್ಕೆ ಬಡಿಯುತ್ತವೆ. ಸುಮಾರು ನೂರು ಕಿಲೋಮೀಟರ್ ಎತ್ತರದಲ್ಲಿ ಹಸಿರು, ಇನ್ನೂರಕ್ಕೂ ಮೇಲೆ ಕೆಂಪು ಬೆಳಕು ಮೂಡುತ್ತದೆ. ಇದಕ್ಕೆ ಧ್ರುವಪ್ರಭೆ ಎನ್ನುತ್ತಾರೆ.

2024ರ ಮೇ 10ರ ರಾತ್ರಿ, 2003ರ ನಂತರದ ಅತಿ ಪ್ರಬಲ ಬಿರುಗಾಳಿ ಬಂದಾಗ, ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಯಿತು. ಅಲ್ಲಿನ ವೀಕ್ಷಣಾಲಯದ ಕ್ಯಾಮೆರಾಗಳು ಅದನ್ನು ಸೆರೆಹಿಡಿದವು. ಆ ವೀಕ್ಷಣಾಲಯ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು. ಅದರ ದೊಡ್ಡ ದೂರದರ್ಶಕವನ್ನು ನಡೆಸುವುದು ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಹಲಸೂರಿನಿಂದ ಹಳೆ ಮದ್ರಾಸ್ ರಸ್ತೆ ಹಿಡಿದು ಕೆ.ಆರ್. ಪುರಂ ದಾಟಿದರೆ ಸಿಗುವ ಊರೇ ಅದು! 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವೂ ಸಿದ್ಧವಾದದ್ದು ಅಲ್ಲಿಯೇ. ಈಗ ಆ ನೌಕೆ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿದ್ದು ಸೂರ್ಯನನ್ನು ನೋಡುತ್ತಿದೆ.

ಹಾಗಾದರೆ ಅಪಾಯವಿಲ್ಲವೇ? ಇದೆ. 1859ರಲ್ಲಿ ತಂತಿ ಯಂತ್ರಗಳು ಕಿಡಿ ಕಾರಿದವು. 1989ರ ಮಾರ್ಚ್ 13ರಂದು ಕೆನಡಾದ ಕ್ವೆಬೆಕ್‌ನಲ್ಲಿ ಅರುವತ್ತು ಲಕ್ಷ ಜನರು ಸುಮಾರು ಒಂಬತ್ತು ಗಂಟೆ ಕತ್ತಲಲ್ಲಿ ಕಳೆದರು. ಉಪಗ್ರಹ, ರೇಡಿಯೋ, ವಿದ್ಯುತ್ ಜಾಲಗಳಿಗೆ ಪೆಟ್ಟು ಬೀಳಬಹುದು. ಆದರೆ ನೆಲದ ಮೇಲಿರುವ ಮನುಷ್ಯನಿಗೆ ಭೂಮಿಯ ಕಾಂತಕ್ಷೇತ್ರ ಮತ್ತು ದಟ್ಟ ವಾಯುಮಂಡಲ ಎರಡೂ ರಕ್ಷಾಕವಚಗಳಾಗಿವೆ. ದಿಂಬಿನ ಪಕ್ಕದ ಮೊಬೈಲಿಗೂ ಈ ಬಿರುಗಾಳಿಗೂ ಯಾವ ಸಂಬಂಧವೂ ಇಲ್ಲ.

ಪ್ರವಾದಿವರ್ಯರ(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣವಾಯಿತು. ಜನರು ಎರಡನ್ನೂ ಜೋಡಿಸಿ ಮಾತನಾಡತೊಡಗಿದರು. ಪುತ್ರಶೋಕದಲ್ಲಿದ್ದರೂ ಪ್ರವಾದಿವರ್ಯರು(ಸ) ಆ ಮಾತನ್ನು ಹಾಗೆಯೇ ಬಿಡಲಿಲ್ಲ. ಯಾರ ಮರಣಕ್ಕಾಗಿಯೂ ಗ್ರಹಣ ಹಿಡಿಯುವುದಿಲ್ಲವೆಂದು ತಿದ್ದಿದರು. ತಮ್ಮ ಮನೆಗೆ ಗೌರವ ತರುವಂತಿದ್ದ ಸುಳ್ಳನ್ನೂ ಅವರು ಒಪ್ಪಲಿಲ್ಲ.

ನಾವಾದರೋ, ಯಾರೋ ಬರೆದ ಸಾಲನ್ನು ಕ್ಷಣಾರ್ಧದಲ್ಲಿ ನೂರು ಮನೆಗೆ ಹಂಚುತ್ತೇವೆ. ಅದನ್ನು ಓದಿ ಹೆದರುವ ಅಜ್ಜಿಯೊಬ್ಬರು, ರಾತ್ರಿಯಿಡೀ ಫೋನ್ ಆಫ್ ಮಾಡಿದ್ದರಿಂದ ಮಗನ ತುರ್ತು ಕರೆ ತಲುಪದ ತಾಯಿಯೊಬ್ಬರು ಆ ನೂರು ಮನೆಗಳಲ್ಲಿ ಇರಬಹುದಲ್ಲವೇ? ಸುದ್ದಿ ಬಂದಾಗ ವಿಚಾರಿಸಿರಿ. ಬಲ್ಲವರನ್ನು ಕೇಳಿರಿ. ಖಾತ್ರಿಯಾಗದಿದ್ದರೆ ಮುಂದಕ್ಕೆ ಕಳಿಸದೆ ಅಲ್ಲಿಯೇ ನಿಲ್ಲಿಸಿರಿ. ಮೌನವೂ ಕೆಲವೊಮ್ಮೆ ನೆರೆಯವರಿಗೆ ಮಾಡುವ ಉಪಕಾರ.