ಟಿಕ್-ಟಿಕ್ ಸದ್ದು ಓಡತೊಡಗಿದರೆ

ಕಾರಿನ ಹಿಂದಿನ ದೀಪಗಳನ್ನು ಎಲ್‌ಇಡಿಗೆ ಬದಲಿಸಿ ಇಂಡಿಕೇಟರ್ ಹಾಕುತ್ತೀರಿ. ನಿಧಾನವಾಗಿ ಬರಬೇಕಾದ ಟಿಕ್-ಟಿಕ್ ಸದ್ದು ಏದುಸಿರು ಬಿಟ್ಟಂತೆ ಓಡುತ್ತದೆ. ನನ್ನ ಕಾರಿನಲ್ಲೂ ಹೀಗೇ ಆಗಿತ್ತು. ಅದನ್ನು ಸರಿಪಡಿಸುವಾಗ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ಎಣಿಸಿ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಮಿನುಗಬೇಕು. ಅಂದರೆ 15 ಸೆಕೆಂಡಿಗೆ 15ರಿಂದ 30 ಸಲ. ಅದನ್ನು ಮೀರಿದರೆ ಮಾತ್ರ ಮುಂದಿನ ಕೆಲಸ.

2. ಕಾರು ಏನು ಹೇಳುತ್ತಿದೆ ಎಂದು ತಿಳಿದುಕೊಳ್ಳಿ. ಹಳೆಯ ಬಲ್ಬು 21 ವ್ಯಾಟಿನದು, 12 ವೋಲ್ಟಿಗೆ 1.75 ಆಂಪಿಯರ್ ಎಳೆಯುತ್ತದೆ. 3 ವ್ಯಾಟಿನ ಎಲ್‌ಇಡಿ ಎಳೆಯುವುದು ಕಾಲು ಆಂಪಿಯರ್. ಕರೆಂಟು ಇಷ್ಟು ಇಳಿದಾಗ ಬಲ್ಬು ಸುಟ್ಟಿದೆ ಎಂದು ಭಾವಿಸಿದ ಫ್ಲಾಷರ್ (ದೀಪವನ್ನು ಮಿನುಗಿಸುವ ಸಾಧನ), ಚಾಲಕನನ್ನು ಎಚ್ಚರಿಸಲೆಂದೇ ಬೇಗ ಬೇಗ ಮಿನುಗಿಸುತ್ತದೆ. ಇದು ಕೆಟ್ಟುಹೋದ ಲಕ್ಷಣವಲ್ಲ, ಕಾರಿನಲ್ಲಿ ಬೇಕೆಂದೇ ಇಟ್ಟ ವ್ಯವಸ್ಥೆ.

3. ಒಂದೇ ಕಡೆ ಓಡುತ್ತಿದೆಯೇ? ಹಾಗಿದ್ದರೆ ಎಲ್‌ಇಡಿಯ ಮೇಲೆ ತಪ್ಪು ಹೊರಿಸುವ ಮೊದಲು ಆ ಬದಿಯ ಮುಂದಿನ ಬಲ್ಬು, ಪಕ್ಕದ ಪುಟ್ಟ ಬಲ್ಬು ಎರಡನ್ನೂ ನೋಡಿ. ಆಮೇಲೆ ಅರ್ತಿಂಗ್. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಂಕಾದರೆ, ಅಥವಾ ಸಂಬಂಧವಿಲ್ಲದ ಇನ್ನೊಂದು ದೀಪ ನಸುವಾಗಿ ಹೊತ್ತಿದರೆ, ಅರ್ತ್ ವೈರು ಸಡಿಲವಾಗಿದೆ ಎಂದೇ ಲೆಕ್ಕ. ಕರಾವಳಿಯ ಉಪ್ಪುಗಾಳಿಯಲ್ಲಿ ಓಡುವ ಕಾರುಗಳ ಹೋಲ್ಡರಿನಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ. ಅದನ್ನು ಉಜ್ಜಿ ತೆಗೆದರೇ ಎಷ್ಟೋ ಸಲ ಕೆಲಸ ಮುಗಿಯುತ್ತದೆ.

4. ಹಳೆಯ ಬಲ್ಬನ್ನೇ ಮತ್ತೆ ಹಾಕಿ ನೋಡಿ. ವೇಗ ಸರಿಯಾದರೆ ವೈರಿಂಗ್ ಚೆನ್ನಾಗಿದೆ, ತೊಂದರೆ ಕರೆಂಟಿನದೇ. ಎಲ್‌ಇಡಿ ಹೊತ್ತದೇ ಇದ್ದರೆ, ಬರೀ ಒತ್ತಿ ಕೂರಿಸುವ ಬಗೆಯದಾದಲ್ಲಿ, ತಿರುಗಿಸಿ ಹಾಕಿ, ಪ್ಲಸ್-ಮೈನಸ್ ಅದಲುಬದಲಾಗಿರಬಹುದು.

5. ಪ್ರತ್ಯೇಕ ಫ್ಲಾಷರ್ ರಿಲೇ ಇರುವ ಕಾರಾದರೆ ರಿಲೇಯನ್ನೇ ಬದಲಿಸಿ. ನನ್ನ ಮೆಚ್ಚಿನ ದಾರಿ ಇದು: ವೈರು ಕತ್ತರಿಸಬೇಕಿಲ್ಲ, ಬಿಸಿಯ ಭಯವಿಲ್ಲ. ಎಲ್‌ಇಡಿಗೆ ಹೊಂದುವ ರಿಲೇ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಸಿಗುತ್ತದೆ. ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ, ಪಿನ್ನುಗಳ ಸಂಖ್ಯೆ ಮತ್ತು ಕ್ರಮ ತಾಳೆ ನೋಡಿ. ಅನೇಕ ಹೊಸ ಕಾರುಗಳಲ್ಲಿ ಮಿನುಗಿಸುವ ಕೆಲಸ ಕಂಪ್ಯೂಟರಿನದು. ಅಲ್ಲಿ ಕಿತ್ತು ಬದಲಿಸಲು ರಿಲೇಯೇ ಇರುವುದಿಲ್ಲ.

6. ಅಂಥ ಕಾರಿಗೆ ರೆಸಿಸ್ಟರ್. ಇಲ್ಲಿ ಅವಸರ ಬೇಡವೇ ಬೇಡ. ಸಾಮಾನ್ಯವಾಗಿ ಸಿಗುವುದು 6 ಓಮ್, 50 ವ್ಯಾಟಿನದು. ಇಂಡಿಕೇಟರ್ ವೈರಿಗೂ ಅರ್ತಿಗೂ ನಡುವೆ, ಅಂದರೆ ಬಲ್ಬಿಗೆ ಸಮಾಂತರವಾಗಿ, ಜೋಡಿಸಬೇಕು. ಬಲ್ಬಿನ ದಾರಿಯಲ್ಲೇ ಸರಣಿಯಾಗಿ ಸೇರಿಸಿದರೆ ದೀಪ ಮಂಕಾಗುತ್ತದೆ, ವೇಗ ಇಳಿಯುವುದಿಲ್ಲ. ಸಮಾಂತರವಾಗಿ ಜೋಡಿಸಿದ ರೆಸಿಸ್ಟರ್ 12 ವೋಲ್ಟಿನಲ್ಲಿ 2 ಆಂಪಿಯರ್ ಎಳೆದು 24 ವ್ಯಾಟನ್ನು ಬರೀ ಶಾಖವಾಗಿಸುತ್ತದೆ. ಕೈ ಸುಡುವಷ್ಟು ಕಾಯುತ್ತದೆ. ಹೊರಮೈಯ ಅಲ್ಯೂಮಿನಿಯಂ ಕವಚ ಇರುವುದು ಶಾಖವನ್ನು ಲೋಹಕ್ಕೆ ದಾಟಿಸಲಿಕ್ಕೆ. 50 ವ್ಯಾಟಿನ ಭರವಸೆಯೂ ಹಾಗೆ ಕೂರಿಸಿದಾಗ ಮಾತ್ರ. ಆದ್ದರಿಂದ ಬಾಡಿಯ ಬರಿ ಲೋಹಕ್ಕೆ ಸ್ಕ್ರೂ ಹಾಕಿ ಬಿಗಿಯಿರಿ. ಪ್ಲಾಸ್ಟಿಕ್ ಬಂಪರಿಗೆ, ದೀಪದ ಹಿಂಬದಿಗೆ, ಡಿಕ್ಕಿಯ ಕಾರ್ಪೆಟ್ಟಿಗೆ, ವೈರಿನ ಕಟ್ಟಿಗೆ ತಾಗಿಸಲೇಬೇಡಿ. ಟೇಪು ಸುತ್ತಿ ತೂಗುಬಿಟ್ಟ ರೆಸಿಸ್ಟರ್ ಕಂಡರೆ ನನಗೆ ನಿಜಕ್ಕೂ ಭಯವಾಗುತ್ತದೆ.

7. ಕೆಲಸಕ್ಕೆ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಜಾಯಿಂಟನ್ನು ಬೆಸುಗೆ ಹಾಕಿ ಹೀಟ್ ಸ್ಲೀವ್ ತೊಡಿಸಿ. ಬರೀ ತಿರುಚಿ ಟೇಪು ಸುತ್ತಿದ್ದು ಒಂದು ಮಳೆಗಾಲ ಬಾಳದು.

8. ಬಣ್ಣ ಬದಲಿಸಬೇಡಿ. ಇಂಡಿಕೇಟರ್ ಕಿತ್ತಳೆ ಮಿಶ್ರಿತ ಹಳದಿಯೇ ಇರಲಿ. ದೀಪದ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದಂತೂ ಬೇಡ. ಮಳೆಗಾಲದ ಮಂಜಿನಲ್ಲಿ ಚಾರ್ಮಾಡಿ ಘಾಟಿ ಇಳಿಯುವಾಗ ಹಿಂದಿನ ಲಾರಿಯವನಿಗೆ ನಿಮ್ಮ ಗುರುತು ಸಿಗುವುದು ಆ ಬೆಳಕಿನಿಂದಲೇ.

9. ಹಜಾರ್ಡ್ ಹಾಕಿ 10 ನಿಮಿಷ ಬಿಡಿ. ಬಳಿಕ ಸುಟ್ಟ ವಾಸನೆ ಬರುತ್ತದೆಯೇ ನೋಡಿ. ಅಂಗೈಯನ್ನು ರೆಸಿಸ್ಟರಿಗೆ ತಾಗಿಸದೆ ಸುತ್ತಲ ಭಾಗದ ಹತ್ತಿರ ಹಿಡಿದು ಶಾಖ ಗಮನಿಸಿ. ಬ್ರೇಕ್, ಪಾರ್ಕಿಂಗ್ ದೀಪ, ಇಂಡಿಕೇಟರ್ ಮೂರನ್ನೂ ಒಟ್ಟಿಗೆ ಹಾಕಿಯೂ ಪರೀಕ್ಷಿಸಿ.

10. ರಿಲೇ ಇರಲಿ, ರೆಸಿಸ್ಟರ್ ಇರಲಿ, ಇನ್ನು ಮುಂದೆ ಬಲ್ಬು ನಿಜವಾಗಿ ಕೆಟ್ಟರೂ ಕಾರು ಎಚ್ಚರಿಸದೆ ಇರಬಹುದು. ಆ ಕೆಲಸ ಈಗ ನಿಮ್ಮದು. ವಾರಕ್ಕೊಮ್ಮೆ ರಾತ್ರಿ ಹಿಂಬದಿಯನ್ನು ಗೋಡೆಗೆ ಮಾಡಿ ಕಾರು ನಿಲ್ಲಿಸಿ ಹಜಾರ್ಡ್ ಹಾಕಿ. ಎರಡೂ ಬದಿಯ ಹಳದಿ ಬೆಳಕು ಗೋಡೆಯ ಮೇಲೆ ಬೀಳುವುದು ಕುಳಿತಲ್ಲಿಂದಲೇ ಕನ್ನಡಿಯಲ್ಲಿ ಕಾಣುತ್ತದೆ.